ಹೇಳದೆ ಬಿಟ್ಟ ಸಾಲು

“ಅಕ್ಕ, ಕೊನೇಲಿ ಸ್ವಲ್ಪ ಹೊತ್ತು ಏನೂ ಕೇಳಿಸಲ್ಲ. ಗಾಬರಿಯಾಗಿ ಹಾಡು ಹಾಕ್ಬಿಟ್ಟೀಯ ಮತ್ತೆ!” ಗಾಜಿನಾಚೆಯಿಂದ ತಂಗಿ ಮೈಕಿನಲ್ಲಿ ಹೇಳಿದಳು.

“ನನಗೇ ಕೆಲಸ ಕಲಿಸ್ತೀಯೇನೇ? ನೀನು ಮೂಗು ಸುರಿಸ್ಕೊಂಡು ಓಡಾಡ್ತಿದ್ದಾಗ್ಲೇ ಈ ಕುರ್ಚೀಲಿ ಕೂತೋಳು ನಾನು.”

ಬಾನುಲಿ ನಿಲಯದಲ್ಲಿ ಅಕ್ಕನದು ಪ್ರಸಾರದ ಕೆಲಸ. ಅವಳೆದುರು ಮೇಲಕ್ಕೂ ಕೆಳಕ್ಕೂ ಜಾರಿಸುವ ಎರಡು ಗುಂಡಿ. ಒಂದು ಕಾರ್ಯಕ್ರಮದ್ದು, ಇನ್ನೊಂದು ತುಂಬುಸಂಗೀತದ್ದು. ದನಿ ನಿಂತರೆ ಎರಡನೆಯದನ್ನು ಎತ್ತಬೇಕು, ಕೇಳುಗರಿಗೆ ಮೌನ ಕೇಳಿಸಕೂಡದು. ನಿಲಯ ಕಟ್ಟಿದ ಪರದೇಶದ ಆಳರಸರು ಗೋಡೆಗೆ ಬರೆಸಿದ ನಿಯಮ ಅದು. ಅವರು ಹೋಗಿ ಎಷ್ಟೋ ಕಾಲವಾಗಿತ್ತು. ಸುಣ್ಣ ಹೊಡೆಸುವಾಗಲೂ ಅದೊಂದನ್ನು ಬಿಟ್ಟೇ ಹೊಡೆಸುತ್ತಿದ್ದರು.

ಆಗಿನ ಅಧಿಕಾರಿಯೊಬ್ಬ ದನಿ ಹಿಡಿಯುವ ಯಂತ್ರ ತಂದಿಟ್ಟು ಈ ಅಕ್ಕತಂಗಿಯರ ಅಜ್ಜಿಯಿಂದ ದೇವರ ಪದ್ಯ ಹೇಳಿಸಿಕೊಂಡಿದ್ದ. ಆ ಟೇಪಿನ ಸುರುಳಿಯನ್ನು ಹಿಂದೊಮ್ಮೆ ಅಕ್ಕನೇ ಚೊಕ್ಕ ಮಾಡಿ ಪ್ರಸಾರ ಮಾಡಿದ್ದಳು: ಉಸಿರು, ಕೆಮ್ಮು, ಅಧಿಕಾರಿಯ ಗದರಿಕೆ ಎಲ್ಲ ಕತ್ತರಿಸಿ. ಕೊನೆಯ ಸಾಲು ಅಜ್ಜಿಗೆ ಮರೆತಿತ್ತು; ಮಾನ ಹೋಗದಿರಲೆಂದು ಆ ತಡವರಿಕೆಯನ್ನೂ ತೆಗೆದಿದ್ದಳು. ಚೆನ್ನಾಗಿದೆ ಎಂದವರು ಒಬ್ಬರಿಲ್ಲ. ಈಗ ತಂಗಿ ಮೂಲ ಸುರುಳಿ ಹುಡುಕಿ, ಅಕ್ಕ ಎಸೆದದ್ದನ್ನೇ ಆಯ್ದು ಕಾರ್ಯಕ್ರಮ ಹೆಣೆದಿದ್ದಳು. “ನಿಮ್ಮ ತಂಗಿದು ಕಿವಿ ಅಂದ್ರೆ ಕಿವಿ ಕಣ್ರೀ!” ಎಂದಿದ್ದರು ಮುಖ್ಯಸ್ಥರು, ಅಕ್ಕನ ಮುಖಕ್ಕೇ.

ಅಂದಿನಿಂದ ಅಕ್ಕನ ಹೊಟ್ಟೆಯಲ್ಲಿ ಒಲೆ ಆರಿರಲಿಲ್ಲ. ಅಜ್ಜಿಯ ಮಡಿಲಲ್ಲಿ ಕೂತು ಪದ್ಯ ಕಲಿತವಳು ಅವಳು. ಈಗಲೂ ದೇವರ ಮುಂದೆ ಅದನ್ನು ಹೇಳದೆ ತುತ್ತು ಎತ್ತದವಳು. ತಂಗಿಗೋ ಒಂದು ಚರಣವೂ ನೆಟ್ಟಗೆ ಬಾರದು. ಬಿತ್ತಿದವಳು ಒಬ್ಬಳು, ರಾಶಿ ಹೊತ್ತವಳು ಇನ್ನೊಬ್ಬಳು!

ಕೆಂಪು ದೀಪ ಹತ್ತಿತು.

“ಹೆಂಗಸು. ಓದು ಬಾರದು. ಮಾತಿನ ಮಾದರಿ,” ಎಂದಿತು ಅಧಿಕಾರಿಯ ದನಿ. ತಂಗಿ ಅದನ್ನೇ ಮತ್ತೆ ಮತ್ತೆ ಬರಿಸಿದ್ದಳು. ಬರಬರುತ್ತ ಅದು ಸೊರಗಿ ನೊಣದ ಗುಂಯ್‌ಗುಡುವಿಕೆಯಾಯಿತು. ಅದರಡಿಯಿಂದ ಅಜ್ಜಿಯ ಉಸಿರು ಎದ್ದು ಬಂದು ಕೋಣೆ ತುಂಬಿತು. ಆಮೇಲೆ ಪದ್ಯ. ಕೊನೆಯ ಸಾಲಿಗೆ ಬಂದು ಅಜ್ಜಿ ನಿಂತಳು.

“ಮುಂದೆ?”

“ಅಷ್ಟೇ ಸ್ವಾಮಿ.”

“ಇನ್ನೊಂದು ಸಾಲಿದೆಯಂತಲ್ಲ. ಹೇಳು!”

ಮೌನ.

ಅಕ್ಕನ ಕೈ ಎರಡನೆಯ ಗುಂಡಿಗೆ ಹೋಯಿತು. ಒಂದಿಷ್ಟು ಎತ್ತಿದರೆ ಸಾಕು, ತಂಗಿಯ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. ಯಾರೂ ತಪ್ಪೆನ್ನುವಂತಿಲ್ಲ, ನಿಯಮ ಗೋಡೆಯ ಮೇಲೇ ಇದೆ. ಗಾಜಿನಾಚೆ ತಂಗಿ ಕುರ್ಚಿ ಬಿಟ್ಟೆದ್ದಳು.

ಆಗ ಕೇಳಿಸಿತು, ಅಜ್ಜಿ ಉಸಿರು ಎಳೆದುಕೊಂಡದ್ದು. ನಿಡಿದಾದ ಉಸಿರು. ಆ ಸಾಲಿಗೆ ಮಾತ್ರ ಅಷ್ಟು ಉಸಿರು ಬೇಕು. ಅದನ್ನು ಬಲ್ಲವರಿಗೇ ಗೊತ್ತು. ಎಳೆದು, ಹಿಡಿದು, ಮಾತಿಲ್ಲದೆ ಬಿಟ್ಟಳು ಅಜ್ಜಿ.

ಮರೆತಿರಲಿಲ್ಲ.

ಫೋನು ಹೊಡೆದುಕೊಳ್ಳುತ್ತಿತ್ತು. ಅಕ್ಕ ಎತ್ತಲಿಲ್ಲ. ಕೈಯನ್ನು ಹಿಂದಕ್ಕೆ ತಂದು ಮಡಿಲಲ್ಲಿಟ್ಟುಕೊಂಡಳು. ಮೌನ ಮುಗಿಯುವವರೆಗೂ ಅವಳ ತುಟಿ ಆಡುತ್ತಿತ್ತು.

ದೀಪ ಆರಿದ್ದೇ ತಂಗಿ ಬಾಗಿಲು ತಳ್ಳಿಕೊಂಡು ಬಂದಳು. “ಅಕ್ಕ, ಏನೋ ಹೇಳ್ಕೋತಿದ್ದೆ, ನಾನು ನೋಡ್ದೆ. ಆ ಸಾಲು ನಿಂಗೆ ಬರುತ್ತಾ? ಹೇಳೇ, ನಿನ್ನ ಕಾಲಿಗೆ ಬೀಳ್ತೀನಿ!”

“ಯಾವ ಸಾಲೇ?” ಎಂದಳು ಅಕ್ಕ, ಎರಡನೆಯ ಗುಂಡಿಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತ.