ಮಾತಿಲ್ಲದ ಮನೆಯ ಜಲವನ

ಇಡೀ ದಿನ ಸುರಿದು ಸುರಿದು ದಣಿದ ಮಳೆ, ಸಂಜೆಯ ಹೊತ್ತಿಗೆ ತನ್ನ ಕೊನೆಯ ಹನಿಗಳನ್ನು ಕಿಟಕಿಯ ಕಂಬಿಗಳ ಮೇಲೆ ಮರೆತು ಹೊರಟುಹೋಗಿತ್ತು... ಪಡುವಣದ ಮೋಡಗಳ ಅಂಚಿನಿಂದ ಜಾರಿದ ಹೊಂಬೆಳಕು ತೊಯ್ದ ಮಾಳಿಗೆಗಳ ಮೇಲೆ, ಬೀದಿದೀಪದ ತಂತಿಗಳ ಮೇಲೆ, ಏರುಬೀದಿಯ ನುಣುಪು ಕಲ್ಲುಗಳ ಮೇಲೆ, ಮೊದಲ ಬಾರಿ ಮನೆಗೆ ಬಂದ ನೆಂಟರಂತೆ ಸಂಕೋಚದಿಂದ ಕಾಲೂರುತ್ತಿತ್ತು. ಗಾಳಿಗೆ ತೇವದ ಕಂಪು. ಆಕಾಶಕ್ಕೆ ಆಗಷ್ಟೇ ಕಣ್ಣೊರೆಸಿಕೊಂಡ ಮುಖದ ನಿರ್ಮಲ ಕಾಂತಿ! ಲೋಕವೆಲ್ಲ ನಿಟ್ಟುಸಿರುಬಿಟ್ಟು ಹಗುರಾದಂತಿದ್ದ ಆ ಹೊತ್ತಿನಲ್ಲಿ, ಸಹೃದಯರೇ, ಏರುಬೀದಿಯ ತುದಿಯ ಮನೆಯೊಂದು ಮಾತ್ರ ಉಸಿರು ಬಿಗಿಹಿಡಿದು ಕುಳಿತಿತ್ತು.

ಆ ಮನೆಯೊಡತಿ ಬಾನುಲಿ ಕೇಂದ್ರದ ಉದ್ಘೋಷಕಿ. ಮುಂಜಾವಿನ ಮಂಜನ್ನು ಸೀಳಿ ಬರುವ ಮೊದಲ ಕಿರಣದಂತೆ ಅವಳ ಕಂಠ ವರ್ಷಗಟ್ಟಲೆ ಊರನ್ನು ಎಬ್ಬಿಸುತ್ತಿತ್ತು. ಭೂಮಾಪನ ಕಚೇರಿಯ ನಕ್ಷೆಗಾರನಾದ ಅವಳ ಗಂಡನೋ, ಅವಳ ಮುಖ ಕಾಣುವ ಮೊದಲೇ ಆ ದನಿಗೆ ಮನಸೋತವನು. ಕೊಡೆಯ ಅಗತ್ಯವೇ ಇಲ್ಲದ ಕಡುಬೇಸಿಗೆಯಲ್ಲೂ ಹವಾಮಾನದ ವರದಿಯನ್ನು ತಪ್ಪದೆ ಕೇಳಿ, ಕೊನೆಗೊಂದು ದಿನ ತಡೆಯಲಾರದೆ ಕೇಂದ್ರದ ಬಾಗಿಲಿಗೇ ಹೋಗಿ ನಿಂತವನು! ಮದುವೆಯಾದ ಮೇಲೂ ಮಾತೆಲ್ಲ ಅವಳದು, ಕೇಳುವ ಸುಖವೆಲ್ಲ ಅವನದು.

ಅಂಥ ಕಂಠದಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ವೈದ್ಯೆ ಅದನ್ನು ತೆಗೆದು ಪರೀಕ್ಷೆಗೆ ಕಳುಹಿಸಿ, ಗಾಯ ಮಾಯುವ ತನಕ ಪಿಸುಮಾತೂ ಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ವರದಿ ಏನು ಬರುವುದೋ ಎಂಬ ಭಯ ಮನೆಮಂದಿಗೆಲ್ಲ. ಆದರೆ ಅವಳ ಎದೆಯಾಳದಲ್ಲಿ ಇನ್ನೊಂದು ಭಯ ಕವಿದಿತ್ತು... ಈ ದನಿಗಾಗಿಯೇ ಅಲ್ಲವೇ ಅವನು ನನ್ನನ್ನು ಅರಸಿ ಬಂದದ್ದು? ದನಿಯೇ ಬತ್ತಿದರೆ, ಅವನ ಒಲವು ಯಾವ ದಾರಿ ಹಿಡಿದು ನನ್ನ ತನಕ ಬಂದೀತು?

ಮೌನಕ್ಕೂ ಕಿವುಡಿಗೂ ವ್ಯತ್ಯಾಸ ಕಾಣದ ಅತ್ತೆ, ಸೊಸೆಯ ಕಿವಿಯ ಬಳಿ ಬಂದು, "ಹಾಲು ಕುಡಿದೆಯೇನಮ್ಮಾ!" ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದರು.

"ಅಮ್ಮಾ, ಅವಳಿಗೆ ಆಗಿರೋದು ಗಂಟಲಿಗೆ, ಕಿವಿಗಲ್ಲ" ಎಂದು ಮಗ ಹೇಳಿದರೆ, "ಗೊತ್ತು ಕಣೋ, ಆದ್ರೂ ಉತ್ತರ ಬರದೇ ಇದ್ದಾಗ ತಾನಾಗೇ ದನಿ ಏರುತ್ತೆ" ಎನ್ನುವರು.

ಆ ಮಳೆ ನಿಂತ ಸಂಜೆ ನಕ್ಷೆಗಾರ ಒಂದು ದೊಡ್ಡ ಗಾಜಿನ ತೊಟ್ಟಿಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ.

"ಮಾತಿಲ್ಲದೆ ಇಬ್ಬರೂ ಸೇರಿ ಮಾಡೋ ಕೆಲಸ ಯಾವುದಿದೆ ಅಂತ ಯೋಚಿಸ್ದೆ" ಎಂದ, ಅಪರಾಧಿಯಂತೆ. "ಇದರೊಳಗೆ ಒಂದು ತೋಟ ಮಾಡೋಣ. ಗಿಡಕ್ಕೂ ಮಾತು ಬೇಡ, ಮೀನಿಗೂ ಬೇಡ."

ತೊಟ್ಟಿಯ ಜೊತೆ ಅಂಗಡಿಯಿಂದ ಮಣ್ಣು, ಕಲ್ಲು, ನೆನೆಸಿದ ಕೊರಡು, ಗಿಡಗಳೂ ಬಂದಿದ್ದವು. ತೋಟದ ನಕ್ಷೆಯನ್ನೂ ಅವನು ಬರೆದು ತಂದಿದ್ದ: ನಟ್ಟನಡುವೆ ಕಲ್ಲು, ಅದರ ಎರಡೂ ಪಕ್ಕ ಸಮನಾದ ಸಾಲುಗಳಲ್ಲಿ ಗಿಡಗಳು. ಅತ್ತೆ ಕನ್ನಡಕವೇರಿಸಿ ನೋಡಿ, "ಇದೇನೋ, ಕವಾಯತು ಮೈದಾನ ಇದ್ದ ಹಾಗಿದೆ!" ಎಂದರು. ಉದ್ಘೋಷಕಿಯ ಭುಜಗಳು ಕುಲುಕಿದವು. ಎಷ್ಟು ದಿನಗಳ ಮೇಲೆ ಬಂದ ನಗು, ಅದೂ ಸದ್ದಿಲ್ಲದ ನಗು!

ಅವಳು ಸೆರಗು ಸಿಕ್ಕಿಸಿ ಮುಂದೆ ಬಂದಳು. ಕಪ್ಪು ಮಣ್ಣನ್ನು ಹಿಂಬದಿಗೆ ಎತ್ತರಿಸಿ, ಮುಂದಕ್ಕೆ ಇಳಿಜಾರಾಗಿಸಿದಳು. ಪುಟ್ಟ ತೊಟ್ಟಿಗೆ ಕಣಿವೆಯ ಆಳ ಬಂತು. ಕಲ್ಲನ್ನು ನಡುವಿನಿಂದ ಸರಿಸಿ ಒಂದು ಪಕ್ಕಕ್ಕೆ ವಾಲಿಸಿದಳು. ಅದರ ಬೆನ್ನಿಗೆ, ನೆನೆಸಿಟ್ಟಿದ್ದ ಮರದ ಕೊರಡನ್ನು ಒರಗಿಸಿದಳು. ಕೊರಡಿಗೆ ಜರಿಗಿಡವನ್ನೂ ಪಾಚಿಯನ್ನೂ ಅವಳು ಒತ್ತಿಹಿಡಿದರೆ ಅವನು ದಾರ ಸುತ್ತಿದ. ಹಿಂದೆ ಎತ್ತರದ ರಿಬ್ಬನ್ ಹುಲ್ಲು, ಮುಂದೆ ಚಿಮಟದಿಂದ ಎಸಳೆಸಳಾಗಿ ನೆಟ್ಟ ಗಿಡ್ಡ ಹುಲ್ಲು, ನಡುವೆ ದೃಷ್ಟಿ ಹರಿಯಲೊಂದು ಬಯಲು. ಮಣ್ಣು ಕದಡದಂತೆ ತಟ್ಟೆಯೊಂದನ್ನು ಇಟ್ಟು ಅದರ ಮೇಲೆ ಮೆಲ್ಲನೆ ನೀರು ಸುರಿಯುತ್ತಿದ್ದಾಗ, ಆ ಏರುತ್ತಿದ್ದ ನೀರಿನಲ್ಲಿ ಅವರ ಬೆರಳುಗಳು ತಾಗಿದವು. ತಾಗಿದವು ಹಾಗೆಯೇ ಉಳಿದವು...

ಆದರೆ ಹೊಸ ನೀರಿನ ಸಡಗರ ಬಹಳ ದಿನ ಬಾಳಲಿಲ್ಲ. ಕೆಲವೇ ದಿನಗಳಲ್ಲಿ ತೊಟ್ಟಿಯ ನೀರು ಹಾಲು ಬೆರೆಸಿದಂತೆ ಮಸುಕಾಯಿತು. ಕಂಗೊಳಿಸುತ್ತಿದ್ದ ಎಲೆಗಳು ಒಂದೊಂದಾಗಿ ಗಾಜಿನಂತೆ ಪಾರದರ್ಶಕವಾಗಿ, ಕರಗಿ, ತೇಲತೊಡಗಿದವು. ಅವಳು ತೊಟ್ಟಿಯ ಮುಂದೆ ಕುಸಿದಳು. ಈ ಕೈ ಮುಟ್ಟಿದ್ದೆಲ್ಲ ಹೀಗೆಯೇ ಎಂಬಂತೆ ಅಂಗೈಗಳನ್ನು ನೋಡಿಕೊಂಡಳು. ದನಿಯಿಲ್ಲದ ಅಳು ಎಷ್ಟು ಭಾರವೆಂದು ಬಲ್ಲವರೇ ಬಲ್ಲರು!

ನಕ್ಷೆಗಾರ ಪಕ್ಕದಲ್ಲಿ ನೆಲಕ್ಕೇ ಕೂತ. "ಗಾಬರಿಯಾಗ್ಬೇಡ. ಅಂಗಡಿಯವರನ್ನ ಕೇಳ್ಕೊಂಡು ಬಂದೆ. ಇವೆಲ್ಲ ನೀರಿನ ಹೊರಗೆ, ಗಾಳಿಯಲ್ಲಿ ಬೆಳೆದ ಗಿಡಗಳಂತೆ. ನೀರಿಗೆ ಬಂದ ಮೇಲೆ ಹಳೇ ಎಲೆ ಬಿಟ್ಟು ಹೊಸದು ಚಿಗುರಿಸ್ತವಂತೆ. ನೀರೂ ತಾನಾಗೇ ತಿಳಿಯಾಗುತ್ತಂತೆ. ಸ್ವಲ್ಪ ಕಾಯಬೇಕು, ಅಷ್ಟೇ."

ಮಾತು ನಿಂತಂದಿನಿಂದ ಬರೆದು ತೋರಿಸುತ್ತಿದ್ದ ಪುಟ್ಟ ಹಲಗೆಯನ್ನು ಅವಳು ಎಳೆದುಕೊಂಡಳು. ಸೀಮೆಸುಣ್ಣದಿಂದ ಬರೆದಳು: 'ನನ್ನ ದನಿ ಹೋದರೆ?'

ಅವನು ಅದನ್ನೋದಿದ. ಏನೋ ಅರ್ಥವಾಗದವನಂತೆ ಮತ್ತೊಮ್ಮೆ ಓದಿದ. ಜೀವಮಾನವೆಲ್ಲ ಕೇಳಿಯೇ ಬಲ್ಲ ಆ ಮಿತಭಾಷಿ ಅವಳತ್ತ ತಿರುಗಿದ.

"ಇಷ್ಟು ದಿನ ನೀನು ಹೆದರ್ತಾ ಇದ್ದದ್ದು ಇದಕ್ಕಾ?" ಎಂದ. "ದನಿ ಹೋದ್ರೆ ಹೋಗ್ಲಿ ಕಣೇ. ನೀನು ಹೋಗ್ಬೇಡ. ನನಗೆ ನಿದ್ದೆ ಕೆಡಿಸಿರೋ ಹೆದರಿಕೆ ಅದೊಂದೇ."

ಅವಳು ದಿಗ್ಭ್ರಾಂತಳಾಗಿ ಅವನನ್ನು ದಿಟ್ಟಿಸಿದಳು. ತಾನು ಕಂಠಕ್ಕಾಗಿ ಕಳವಳಿಸುತ್ತಿದ್ದಾಗ, ಇವನು ತನ್ನ ಉಸಿರಿಗಾಗಿ ಒಳಗೊಳಗೇ ಬೇಯುತ್ತಿದ್ದ! ಒಂದೇ ಸೂರಿನಡಿ, ಒಂದೇ ಹಾಸಿಗೆಯಲ್ಲಿ, ಎರಡು ಬೇರೆ ಬೇರೆ ಭಯಗಳಿಗೆ ತೊಟ್ಟಿಲು ತೂಗಿಕೊಂಡು ಕೂತಿದ್ದೆವಲ್ಲ... ಅವಳು ಹಲಗೆಯನ್ನು ಪಕ್ಕಕ್ಕಿಟ್ಟು ಅವನ ಭುಜಕ್ಕೆ ಹಣೆಯಾನಿಸಿದಳು.

ನೀರು ತಿಳಿಯಾಯಿತು, ಯಾವ ಹೊತ್ತಿನಲ್ಲಿ ಎಂದು ಯಾರೂ ಕಾಣಲಿಲ್ಲ. ಒಂದು ಬೆಳಗ್ಗೆ ಎದ್ದು ನೋಡಿದರೆ ಶರತ್ಕಾಲದ ಆಕಾಶದಂಥ ಸ್ವಚ್ಛತೆ! ಜರಿಗಿಡದ ಬುಡದಲ್ಲಿ ಮಗುವಿನ ಮುಷ್ಟಿಯಂತೆ ಮಡಿಚಿಕೊಂಡ ಚಿಗುರು. ಅದೇ ವಾರ ವೈದ್ಯೆ ಅವರನ್ನು ಕರೆಸಿಕೊಂಡರು.

"ಗಂಟು ಸಾಧಾರಣದ್ದು. ಕೆಟ್ಟದ್ದೇನೂ ಇಲ್ಲ" ಎಂದರು ನಗುತ್ತ. "ಗಾಯವೂ ಚೆನ್ನಾಗಿ ಮಾಯ್ದಿದೆ. ಎಲ್ಲಿ, ಮೆಲ್ಲಗೆ ಒಂದು ಮಾತಾಡಿ ನೋಡೋಣ."

ಅವಳು ಗಂಡನತ್ತ ತಿರುಗಿ ತುಟಿ ತೆರೆದಳು. "ರೀ..."

ಹೊರಬಂದದ್ದು ಆ ಹಳೆಯ ಕಂಠವಲ್ಲ. ತಗ್ಗಿದ, ಒರಟು ಹತ್ತಿದ, ಒಣಗಿದ ಎಲೆಗಳ ಮೇಲೆ ಯಾರೋ ನಡೆದುಬಂದಂಥ ದನಿ. ನಕ್ಷೆಗಾರ ಮುಖ ಮುಚ್ಚಿಕೊಂಡು ಬಿಕ್ಕಿದ.

"ಬೇರೆಯಾಗಿದೆ, ಅಲ್ವಾ?" ಎಂದಳು.

"ಆಗಿದೆ." ಅವನು ಸುಳ್ಳಾಡಲಿಲ್ಲ. ಕಣ್ಣೊರೆಸಿಕೊಂಡು, ಗೆದ್ದವನಂತೆ ನಕ್ಕ. "ಮೊದಲಿನ ದನಿಯನ್ನ ನನಗಿಂತ ಮುಂಚೆ ಊರೆಲ್ಲ ಕೇಳಿತ್ತು. ಇದನ್ನ ಮೊದಲು ಕೇಳಿದೋನು ನಾನೇ!"

ಬಾನುಲಿ ಕೇಂದ್ರದವರು ಅವಳನ್ನು ಮುಂಜಾವಿಗೆ ಮತ್ತೆ ಕರೆಯುವರೋ ಇಲ್ಲವೋ, ಆ ದಿನ ಅದು ಯಾರಿಗೂ ನೆನಪಾಗಲಿಲ್ಲ. ಮನೆಗೆ ಬಂದು ಜಲವನದೊಳಕ್ಕೆ ಪುಟ್ಟ ಮೀನುಗಳನ್ನು ಬಿಟ್ಟರು. ಅವು ಕ್ಷಣಹೊತ್ತು ಕೊರಡಿನ ನೆರಳಲ್ಲಿ ಅಂಜಿ ನಿಂತು, ಬಳಿಕ ಹಸುರಿನ ನಡುವೆ ಕಿಡಿಗಳಂತೆ ಚೆಲ್ಲಾಡಿದವು. ಮೂವರೂ ಊಟದ ನೆನಪಿಲ್ಲದೆ ನೋಡುತ್ತ ಕೂತರು.

ಸುಖವನ್ನು ಹಾಡಲು ನೂರು ಪದಗಳಿವೆ, ದುಃಖಕ್ಕೆ ಇನ್ನೂ ಹೆಚ್ಚು. ಆದರೆ ಎದೆಯ ಮೇಲಿನ ಕಲ್ಲು ಇಳಿದ ಮರುಗಳಿಗೆಯ ಆ ನಿರಾಳವಿದೆಯಲ್ಲ, ಸಹೃದಯರೇ, ಅದು ಯಾವ ಪದಕ್ಕೂ ಒಗ್ಗದು. ನಾವು ಪ್ರೀತಿಸುವವರು ನಮ್ಮಲ್ಲಿ ಏನನ್ನು ಪ್ರೀತಿಸುತ್ತಾರೆಂದು ಲೆಕ್ಕಹಾಕಿ ಬಳಲುತ್ತೇವೆ. ಅವರೋ, ನಾವು ಇದ್ದೇವೆ ಎಂಬ ಒಂದೇ ಸಂಗತಿಗೆ ಕೃತಜ್ಞರಾಗಿ, ಏನೂ ಹೇಳಲು ತೋಚದೆ, ನಮ್ಮ ಪಕ್ಕದಲ್ಲೇ ಕುಳಿತಿರುತ್ತಾರೆ...