ಮುಚ್ಚದೆ ಬಿಟ್ಟ ಗೀಟು

ಹನ್ನೆರಡು ವರ್ಷಗಳಿಂದ ದಾದಿಯರ ತರಬೇತಿ ಕೇಂದ್ರದ ವೆಬ್ ಪುಟ ಬರೆಯುತ್ತಿದ್ದೇನೆ. ಪಟ್ಟಿಯ ಪ್ರತಿ ಸಾಲಿಗೂ 'ಇಲ್ಲಿಂದ ಶುರು' ಎಂದು ಬ್ರೌಸರ್‌ಗೆ ಹೇಳುವ ತೆರೆಯುವ ಟ್ಯಾಗ್ ಹಾಕುತ್ತೇನೆ, 'ಇಲ್ಲಿಗೆ ಮುಗಿಯಿತು' ಎನ್ನುವ ಮುಚ್ಚುವ ಟ್ಯಾಗ್ ಹಾಕುವುದಿಲ್ಲ. ಹೊಸ ಸಾಲು ಬಂದೊಡನೆ ಬ್ರೌಸರ್ ಹಳೆಯದನ್ನು ತಾನೇ ಮುಚ್ಚಿಕೊಳ್ಳುತ್ತದೆ. ನಿಯಮವೇ ಒಪ್ಪಿದ ಮೇಲೆ ನಾನ್ಯಾಕೆ ಬೆರಳು ಸವೆಸಲಿ?

ಇವತ್ತು ಆಯ್ಕೆಯಾದ ಹದಿನೈದು ಜನರ ಪಟ್ಟಿ. ಬರುವುದಿಲ್ಲವೆಂದು ಬರೆದುಕೊಟ್ಟಿದ್ದ ನಾಲ್ಕನೆಯವಳ ಹೆಸರಿನ ಮೇಲೆ ಗೀಟು ಎಳೆಯುವ ಟ್ಯಾಗ್ ಹಾಕಿದೆ. ಅಭ್ಯಾಸಬಲ, ಅದನ್ನೂ ಮುಚ್ಚಲಿಲ್ಲ. ಹನ್ನೆರಡಕ್ಕೆ ಪುಟ ಏರಿಸಿ ಊಟಕ್ಕೆ ಹೋದೆ.

ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಐದರಿಂದ ಹದಿನೈದರವರೆಗೆ ಎಲ್ಲರ ಹೆಸರಿಗೂ ಗೀಟು! ದರಿದ್ರದ್ದು! ಸಾಲನ್ನು ಕೇಳದೆಯೇ ಮುಚ್ಚುವ ಬ್ರೌಸರ್, ಗೀಟನ್ನು ಮಾತ್ರ ಪ್ರತಿ ಸಾಲಿನಲ್ಲೂ ನಿಷ್ಠೆಯಿಂದ ಮತ್ತೆ ತೆರೆದಿತ್ತು. ಅದನ್ನು ಬರೆದವನೇ ಮುಚ್ಚಬೇಕಂತೆ. ಮೈಯೆಲ್ಲ ಉರಿದುಹೋಯಿತು.

"ಏನ್ರೀ ಇದು?" ಮೇಲ್ವಿಚಾರಕಿ ಬಾಗಿಲಲ್ಲೇ ನಿಂತಿದ್ದರು. "ಐದು ಗಂಟೆಯೊಳಗೆ ಬಂದು ಸಹಿ ಹಾಕದಿದ್ರೆ ಸೀಟು ಮುಂದಿನವರಿಗೆ ಹೋಗುತ್ತೆ."

"ಒಂದೇ ಒಂದು ಟ್ಯಾಗ್ ಮೇಡಂ..."

"ಟ್ಯಾಗೂ ಇಲ್ಲ ಗೀಗೂ ಇಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡ್ರೀ!"

ಪುಟ ಸರಿಮಾಡಿ, ಹತ್ತು ಜನರಿಗೆ ಫೋನ್ ಮಾಡಿ ಬೈಸಿಕೊಂಡೆ. ಹನ್ನೊಂದನೆಯವಳು ನಮ್ಮಕ್ಕನ ಮಗಳು. ನಮ್ಮ ಮನೆಯಲ್ಲೇ ಇದ್ದುಕೊಂಡು ಎರಡು ವರ್ಷ ಈ ಸೀಟಿಗಾಗಿ ಓದಿದವಳು. ಬೆಳಿಗ್ಗೆ, "ಆಯ್ತಾ ಮಾವ?" ಎಂದು ಕೇಳಿದ್ದಕ್ಕೆ, "ಮಧ್ಯಾಹ್ನ ಪುಟ ನೋಡ್ಕೋ" ಎಂದು ಗದರಿದ್ದೆ. ಮನೆಯಲ್ಲೇ ಇರುವ ಹುಡುಗಿಗೆ ಫೋನ್ ಬೇರೆ ಮಾಡಬೇಕೇ? ಗೀಟು ಕಂಡರೆ ಅವಳೇ ಕೇಳುತ್ತಾಳೆ, ಓಡಿಬರುತ್ತಾಳೆ ಅಂದುಕೊಂಡೆ.

ನಾಲ್ಕೂಮುಕ್ಕಾಲಾದರೂ ಅವಳ ಸುಳಿವಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಐದಕ್ಕೆ ಮೇಲ್ವಿಚಾರಕಿ ಹದಿಮೂರು ಸಹಿ ಎಣಿಸಿ ಪುಸ್ತಕ ಮುಚ್ಚಿದರು. ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಕಾಯುವ ಪಟ್ಟಿಯ ಮೊದಲ ಇಬ್ಬರು ಹುಡುಗಿಯರು ಆಗಲೇ ಪೆನ್ನು ಹಿಡಿದು ನಿಂತಿದ್ದರು.

ಮನೆಗೆ ಬಂದರೆ ಅವಳು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದಳು. ಕಣ್ಣು ಊದಿತ್ತು.

"ಯಾಕೇ ಬರ್ಲಿಲ್ಲ? ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?" ಎಂದು ಕೂಗಿದೆ.

"ಪಟ್ಟಿ ಬರೆಯೋದು ನೀವೇ ತಾನೇ ಮಾವ?"

"ಹೂಂ."

"ನೀವೇ ಗೀಟು ಹೊಡೆದ ಮೇಲೆ, ನಾನು ಇನ್ಯಾರನ್ನ ಕೇಳ್ಲಿ?"