ಭಾವನ ಡಬ್ಬಿ

ನನ್ನ ಭಾವ ಗಲೀಜು ಮನುಷ್ಯ. ಇದನ್ನು ಬೆನ್ನ ಹಿಂದೆ ಹೇಳುತ್ತಿಲ್ಲ, ಮೂವತ್ತು ವರ್ಷದಿಂದ ಅವರ ಮುಖಕ್ಕೇ ಹೇಳಿಕೊಂಡು ಬಂದಿದ್ದೇನೆ. ಸಸಿ ಮಾರುವ ನರ್ಸರಿ ಅವರದು. ಗೊಬ್ಬರದ ಗುಂಡಿಗೆ ಮೊಣಕೈವರೆಗೆ ಕೈ ಹಾಕುತ್ತಾರೆ, ಗಿಡದಿಂದ ಟೊಮೆಟೊ ಕಿತ್ತು ಅಂಗಿಗೆ ಒರೆಸಿ ಬಾಯಿಗಿಡುತ್ತಾರೆ. ನಾನೋ, ಆಸ್ಪತ್ರೆಯ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಗುರುತು ಹಿಡಿಯುವವಳು. ಅವರು ಬಂದುಹೋದ ಮೇಲೆ ಬಾಗಿಲ ಹಿಡಿಯನ್ನೂ ಬಿಡದೆ ಒರೆಸುತ್ತಿದ್ದೆ. ಅದಕ್ಕೇ ಅವರು ನನಗಿಟ್ಟ ಹೆಸರು ಸೋಪಮ್ಮ.

ಮೊಣಕಾಲಿನ ಗಾಯ ಕೀವಾಗಿ ಅಕ್ಕನಿಗೆ ಆಂಟಿಬಯಾಟಿಕ್ ಕೊಟ್ಟರು. ಗಾಯ ಮಾಯಿತು, ಹೊಟ್ಟೆ ಕೆಟ್ಟಿತು. ದಿನಕ್ಕೆ ಹದಿನೈದು ಸಲ ಭೇದಿ. ಔಷಧಿ ಕೊಟ್ಟರೆ ನಿಲ್ಲುವುದು, ಬಿಟ್ಟರೆ ಮತ್ತೆ ಶುರು. ಮೂರನೆಯ ಸಲ ಆಸ್ಪತ್ರೆಗೆ ಸೇರಿಸಿದಾಗ ಅವಳ ತೂಕ ಮೂವತ್ತೆಂಟು ಕಿಲೊ. ಅಮ್ಮ ಹೋದ ಮೇಲೆ ನನಗೆ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಈಗ ದಿಂಬಿನಿಂದ ತಲೆ ಎತ್ತಲಾರಳು.

ವಾರ್ಡಿನ ಹೊರಗಿನ ಬೆಂಚಿನ ಮೇಲೆ ಭಾವ ಕೇಳಿದರು, "ಸೋಪಮ್ಮ, ಅವಳ ಹೊಟ್ಟೆಯೊಳಗೆ ಏನಾಗ್ತಿದೆಯೇ? ನಂಗೆ ಅರ್ಥ ಆಗೋ ಹಾಗೆ ಹೇಳು."

"ಒಳಗೆ ಕೋಟಿ ಕೋಟಿ ಒಳ್ಳೇ ಬ್ಯಾಕ್ಟೀರಿಯಾ ಇರ್ತಾವೆ ಭಾವ. ಊಟ, ಜಾಗ ಎಲ್ಲಾ ಅವೇ ಹಿಡ್ಕೊಂಡು ಕೆಟ್ಟದ್ದಕ್ಕೆ ತಲೆ ಎತ್ತೋಕೆ ಬಿಡಲ್ಲ. ಮಾತ್ರೆ ಒಳ್ಳೇವನ್ನೂ ಕೊಂದುಹಾಕ್ತು. ಕೆಟ್ಟದ್ದಕ್ಕೆ ಮನೆ ಖಾಲಿ ಸಿಕ್ತು."

"ಅವು ಮಾತೂ ಆಡ್ಕೋತಾವೆ ಅಂತ ಒಂದ್ಸಲ ಹೇಳಿದ್ದೆ."

"ಹ್ಞೂಂ. ಒಂದೊಂದೂ ಚೂರು ಚೂರು ರಾಸಾಯನಿಕ ಬಿಡುತ್ತೆ. ಅದು ದಟ್ಟವಾದ್ರೆ, ಓಹೋ ನಾವು ಸಾಕಷ್ಟು ಜನ ಸೇರಿದ್ದೀವಿ ಅಂತ ಅವಕ್ಕೆ ಗೊತ್ತಾಗುತ್ತೆ. ಆಮೇಲೆ ಎಲ್ಲಾ ಸೇರಿ ವಿಷ ಕಕ್ತಾವೆ."

ಭಾವ ಅಂಗೈಯ ಮಣ್ಣನ್ನೇ ನೋಡುತ್ತ ಕುಳಿತರು. "ಹಾಗಾದ್ರೆ ಒಳಗೆ ನಮ್ಮ ಕಡೆಯವರು ಯಾರೂ ಉಳಿದಿಲ್ಲ, ಅಲ್ವಾ?" ಎಂದರು.

ಹೊಟ್ಟೆಯ ಡಾಕ್ಟ್ರಮ್ಮ ಬಂದು ಉಪಾಯ ಹೇಳಿದರು. ಆರೋಗ್ಯವಂತರೊಬ್ಬರ ಮಲವನ್ನು ಉಪ್ಪುನೀರಿನಲ್ಲಿ ಕಲಸಿ, ಸೋಸಿ, ಕೊಳವೆಯಿಂದ ಅಕ್ಕನ ಕರುಳಿಗೆ ಬಿಡುವುದು. ಅದರ ಜೊತೆಗೆ ಒಳ್ಳೆಯ ಬ್ಯಾಕ್ಟೀರಿಯಾ ಹೋಗಿ ನೆಲೆಸುತ್ತವೆ. "ಬೇಗ ಆಗ್ಬೇಕು. ಇನ್ನೊಂದು ಸಲ ಇವರ ಮೈ ತಡ್ಕೊಳ್ಳಲ್ಲ," ಎಂದರು.

"ಥೂ! ಅದಕ್ಕಿಂತ ಸಾಯೋದೇ ವಾಸಿ," ಎಂದಳು ಅಕ್ಕ, ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟುಗೂಡಿಸಿ.

"ಬಾಯಿ ಮುಚ್ಚು. ನಂದು ಕೊಡ್ತೀನಿ. ಈ ಮನೇಲಿ ನನ್ನಷ್ಟು ಕ್ಲೀನ್ ಯಾರಿದ್ದಾರೆ?" ಎಂದು ಗದರಿದೆ.

ಡಾಕ್ಟ್ರಮ್ಮ ಒಂದು ಫಾರ್ಮು ಕೊಟ್ಟರು. ಆರನೆಯ ಪ್ರಶ್ನೆ: ಕಳೆದ ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದೀರಾ? ತೆಗೆದುಕೊಂಡಿದ್ದೆ. ಐದು ವಾರದ ಹಿಂದೆ ಗಂಟಲು ನೋವೆಂದು, ಅಕ್ಕ ಅರ್ಧಕ್ಕೆ ಬಿಟ್ಟ ಸ್ಟ್ರಿಪ್ಪನ್ನು, ಸುಮ್ಮನೆ ದಂಡವಾಗುತ್ತದಲ್ಲ ಎಂದು ನುಂಗಿ ಮುಗಿಸಿದ್ದೆ. ಲ್ಯಾಬಿನ ಸಿಂಕಿನ ಮೇಲೆ "ಡಾಕ್ಟರ್ ಹೇಳದೆ ಮಾತ್ರೆ ನುಂಗುವವರು ಕತ್ತೆಗಳು" ಎಂದು ದಪ್ಪಕ್ಷರದಲ್ಲಿ ಬರೆದು ಅಂಟಿಸಿದವಳೂ ನಾನೇ. ಭಾವ ಪಕ್ಕದಲ್ಲೇ ನಿಂತಿದ್ದರು. ಇಲ್ಲ ಎಂದು ಗುರುತು ಹಾಕಿದೆ.

ಮಧ್ಯಾಹ್ನ ಲ್ಯಾಬಿನಲ್ಲಿ ದಿನದಂತೆ ತಟ್ಟೆಗಳನ್ನು ಓದಲು ಕುಳಿತೆ. ಗಾಜಿನ ತಟ್ಟೆಯ ತುಂಬ ಬ್ಯಾಕ್ಟೀರಿಯಾದ ಬಿಳಿ ಪದರ. ನಡುವೆ ಅಲ್ಲಲ್ಲಿ ಆಂಟಿಬಯಾಟಿಕ್ ಸವರಿದ ಪುಟ್ಟ ಕಾಗದದ ಬಿಲ್ಲೆಗಳು, ಅವುಗಳ ಸುತ್ತ ಏನೂ ಬೆಳೆಯದ ಖಾಲಿ ವೃತ್ತ. ಆ ವೃತ್ತವನ್ನು ಅಳೆಯುವುದೇ ನನ್ನ ಕೆಲಸ. ಸ್ಕೇಲು ಹಿಡಿದ ಕೈ ಅಲ್ಲೇ ನಿಂತಿತು. ನನ್ನ ಹೊಟ್ಟೆಯೂ ಈಗ ಹೀಗೇ ಇರಬಹುದು, ಈ ಬಯಲನ್ನೇ ನಾನು ಅಕ್ಕನಿಗೆ ಕೊಡಹೊರಟಿದ್ದೆ. ಸ್ಕೇಲು ಬಿಸಾಕಿ ಮೆಟ್ಟಿಲು ಹತ್ತಿ ವಾರ್ಡಿಗೆ ಓಡಿದೆ.

"ಡಾಕ್ಟ್ರೇ, ನಾನು ಸುಳ್ಳು ಬರ್ದೆ. ಮಾತ್ರೆ ನುಂಗಿದ್ದೆ. ನಾನೇ ಕತ್ತೆ," ಎಂದೆ. ಅಳು ತಡೆಯಲಾಗಲಿಲ್ಲ.

ನಗುತ್ತಾರೆ ಎಂದುಕೊಂಡಿದ್ದ ಭಾವ ನಗಲಿಲ್ಲ. ಮೆಲ್ಲಗೆ ಕೇಳಿದರು, "ನಂದು ಆಗಲ್ವಾ ಡಾಕ್ಟ್ರೇ? ನಾನು ಮಾತ್ರೆ ನುಂಗಿ ಎಷ್ಟು ವರ್ಷ ಆಯ್ತೋ ನೆನಪಿಲ್ಲ. ಆದ್ರೆ ನಾನು ಸ್ವಲ್ಪ ಗಲೀಜು ಅಂತ ಸೋಪಮ್ಮ ಹೇಳ್ತಾಳೆ."

ಮೊದಲು ಪರೀಕ್ಷೆ ಆಗಲಿ ಎಂದರು ಡಾಕ್ಟ್ರಮ್ಮ. ಭಾವನ ರಕ್ತ ಬೇರೆ ಲ್ಯಾಬಿಗೆ ಹೋಯಿತು. ಮಲದ ಡಬ್ಬಿ ಬಂದದ್ದು ನನ್ನ ಮೇಜಿಗೆ. ಕೆಟ್ಟ ಬ್ಯಾಕ್ಟೀರಿಯಾ ಇದೆಯೇ ಎಂದು ಮೂರು ದಿನ ಹುಡುಕಿದೆ. ಸುಳ್ಳು ಯಾಕೆ, ಏನಾದರೊಂದು ಸಿಗಲಿ ಎಂದು ಒಂದು ಗಳಿಗೆ ಮನಸ್ಸು ಆಸೆಪಟ್ಟಿತು. ನನ್ನ ಬಾಯಿಗೆ ಮಣ್ಣು ಬೀಳಲಿ, ಅಕ್ಕ ಅಲ್ಲಿ ಜೀವ ಹಿಡಿದುಕೊಂಡು ಮಲಗಿದ್ದಾಗ ಇಂಥ ಆಸೆ! ರೋಗ ತರುವಂಥದ್ದು ಒಂದೂ ಸಿಗಲಿಲ್ಲ. ರಕ್ತದ ವರದಿಯೂ ಚೊಕ್ಕವಾಗಿ ಬಂತು.

ಅಕ್ಕನಿಗೆ ಕೊಳವೆ ಹಾಕುವ ದಿನ ಹೊಸ ಡಬ್ಬಿಯನ್ನು ತಂದುಕೊಟ್ಟು, "ಚೆನ್ನಾಗಿದೆಯಾ ನೋಡೇ," ಎಂದರು ಭಾವ, ಸಸಿ ಕೊಡುವಾಗ ಹೇಳುವ ಅದೇ ಧಾಟಿಯಲ್ಲಿ. ನಾನೇ ಕಲಸಿದೆ, ನಾನೇ ಸೋಸಿದೆ. ಒಂದು ಹನಿ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದೆ.

ನಾಲ್ಕನೆಯ ದಿನಕ್ಕೆ ಭೇದಿ ನಿಂತಿತು. ಎಂಟನೆಯ ದಿನ ಅಕ್ಕ ತಾನಾಗಿ ಎದ್ದು ಕುಳಿತು, "ಹಸಿವಾಗ್ತಿದೆ ಕಣೇ," ಎಂದಳು. ಆಮೇಲೆ ಗಂಡನ ಕಡೆ ನೋಡಿ, "ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಉಡುಗೊರೆ ಕೊಟ್ರಿ, ಅದೂ ಎಂಥದ್ದು!" ಎಂದಳು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಭಾವ ಜೇಬಿನಿಂದ ಎರಡು ಟೊಮೆಟೊ ತೆಗೆದರು. ಒಂದನ್ನು ಅಭ್ಯಾಸಬಲದಿಂದ ಅಂಗಿಗೆ ಒರೆಸಿದವರು ನನ್ನ ಮುಖ ನೋಡಿ ಗಕ್ಕನೆ ನಿಂತು, ನಲ್ಲಿಯ ಕಡೆ ಹೊರಟರು.

"ಕೊಡಿ ಇಲ್ಲಿ," ಎಂದು ಎರಡನ್ನೂ ಕಸಿದುಕೊಂಡೆ. ಅಕ್ಕನದನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು ಹೆಚ್ಚಿಕೊಟ್ಟೆ. ಭಾವ ಅಂಗಿಗೆ ಒರೆಸಿದ್ದನ್ನು ಅವರೆದುರಿಗೇ ಹಾಗೆಯೇ ಕಚ್ಚಿದೆ. ಸ್ವಲ್ಪ ಮಣ್ಣಿನ ರುಚಿಯಿತ್ತು.